ಅಪ್‌ಡೇಟ್: ಸೆಟ್ಟಿಂಗ್ ಬದಲಿಸಿದರೂ ಹಳೆಯದೇ ಕಾಣುತ್ತಿದ್ದ ಸಮಸ್ಯೆ ಸರಿಹೋಯಿತು

ನನ್ನ ಪೈಥಾನ್ ವೆಬ್ ಆಪ್‌ನ ಸೆಟ್ಟಿಂಗ್‌ಗಳು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಒಂದು ಟೇಬಲ್‌ನಲ್ಲಿವೆ. ಅಡ್ಮಿನ್ ಪೇಜಿನಲ್ಲಿ ಸೆಟ್ಟಿಂಗ್ ಸೇವ್ ಮಾಡಿದ ಮೇಲೂ, ರಿಫ್ರೆಶ್ ಮಾಡಿದಾಗ ಒಮ್ಮೆ ಹೊಸದು, ಒಮ್ಮೆ ಹಳೆಯದು ಬರುತ್ತಿದೆ ಅಂತ ಕೇಳಿದ್ದೆನಲ್ಲ, ಅದು ಬಗೆಹರಿಯಿತು.

‘ಎಷ್ಟು ವರ್ಕರ್ ಪ್ರೋಸೆಸ್ ಓಡುತ್ತಿವೆ ನೋಡಿ’ ಅಂದವರ ಮಾತೇ ನಿಜ. (ವರ್ಕರ್ ಅಂದರೆ ಬರುವ ರಿಕ್ವೆಸ್ಟ್‌ಗಳನ್ನು ಹಂಚಿಕೊಂಡು ನಿಭಾಯಿಸುವ, ಅದೇ ಆಪ್‌ನ ಬೇರೆ ಬೇರೆ ಪ್ರತಿಗಳು.) ಲಾಗ್‌ನ ಪ್ರತಿ ಸಾಲಿಗೂ ಪ್ರೋಸೆಸ್ ಐಡಿ ಸೇರಿಸಿ ನೋಡಿದೆ. ಸೇವ್ ರಿಕ್ವೆಸ್ಟ್ ಹೋದ ವರ್ಕರ್‌ಗೆ ಮಾತ್ರ ಹೊಸ ವ್ಯಾಲ್ಯೂ ಗೊತ್ತು. ಉಳಿದವು ಶುರುವಾದಾಗ ಓದಿದ್ದನ್ನೇ ಮೆಮೊರಿಯಲ್ಲಿ ಇಟ್ಟುಕೊಂಡು ಕೂತಿದ್ದವು.

ಸೆಟ್ಟಿಂಗ್‌ಗಳನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಆಪ್ ಶುರುವಾಗುವಾಗ ಹೊರಗಿಂದ ಸಿಗುವ ವ್ಯಾಲ್ಯೂಗಳು) ಇಡಿ ಅನ್ನೋ ಸಲಹೆಯೂ ಬಂದಿತ್ತು, ಅದು ಇಲ್ಲಿ ಕೆಲಸಕ್ಕೆ ಬರಲಿಲ್ಲ. ಹೊರಗಿಂದ ಬದಲಿಸಿದರೆ ರೀಸ್ಟಾರ್ಟ್ ಮಾಡಲೇಬೇಕು. ಡೇಟಾಬೇಸ್ ಪಾಸ್‌ವರ್ಡ್‌ನಂಥವನ್ನು ಮಾತ್ರ ಅಲ್ಲಿಗೆ ಸಾಗಿಸಿದೆ. ಕ್ಯಾಶ್ ಅವಧಿ, ಅಂದರೆ ಮೆಮೊರಿಯಲ್ಲಿರೋ ಹಳೆಯ ಪ್ರತಿಯನ್ನು ಬಳಸುವ ಸಮಯ, ಇಳಿಸೋದು ಪರವಾಗಿಲ್ಲ, ಆದರೆ ಅಷ್ಟು ಹೊತ್ತು ಗೊಂದಲ ಇದ್ದೇ ಇರುತ್ತೆ ಅಲ್ವಾ?

ಕೊನೆಗೆ ಕೈಹಿಡಿದಿದ್ದು ಪೋಸ್ಟ್‌ಗ್ರೆಸ್‌ನ ಲಿಸನ್, ನೋಟಿಫೈ ಕಮಾಂಡ್‌ಗಳು: ನೋಟಿಫೈ ಸುದ್ದಿ ಕಳಿಸುತ್ತೆ, ಲಿಸನ್ ಹಾಕಿದ ಕನೆಕ್ಷನ್‌ಗಳಿಗೆ ಅದು ತಲುಪುತ್ತೆ. ಸೇವ್ ಮಾಡುವ ಟ್ರಾನ್ಸಾಕ್ಷನ್ ಒಳಗೇ ನೋಟಿಫೈ ಕಳಿಸಿದರೆ ಸಾಕು, ಕೇಳಿಸಿಕೊಂಡ ವರ್ಕರ್‌ಗಳೆಲ್ಲ ಟೇಬಲ್ ಮತ್ತೆ ಓದುತ್ತವೆ. ಕಮಿಟ್ ಆದ (ಬದಲಾವಣೆ ಖಾಯಂ ಆದ) ಮೇಲಷ್ಟೇ ಸುದ್ದಿ ಹೋಗುತ್ತೆ. ರೋಲ್‌ಬ್ಯಾಕ್ ಆದರೆ (ಬದಲಾವಣೆ ರದ್ದಾದರೆ) ಹೋಗೋದೇ ಇಲ್ಲ. ಇದು ನನಗೆ ಗೊತ್ತೇ ಇರಲಿಲ್ಲ, ಖುಷಿಯಾಯಿತು.

ಡೇಟಾಬೇಸ್ ಕನೆಕ್ಷನ್‌ಗಳನ್ನು ಹಂಚಿಕೊಡುವ ಪಿಜಿಬೌನ್ಸರ್ ಟ್ರಾನ್ಸಾಕ್ಷನ್ ಮೋಡ್‌ನಲ್ಲಿದ್ದರೆ (ಪ್ರತಿ ಟ್ರಾನ್ಸಾಕ್ಷನ್ ಮುಗಿದಾಗ ಕನೆಕ್ಷನ್ ವಾಪಸ್ ಪಡೆಯುವ ಮೋಡ್) ಮಾತ್ರ ಲಿಸನ್ ನಡೆಯಲ್ಲ, ಅದಕ್ಕೆ ನೇರ ಕನೆಕ್ಷನ್ ಕೊಡಿ. ಕನೆಕ್ಷನ್ ಕಡಿದಿದ್ದಾಗ ಬಂದ ಸುದ್ದಿ ಆಮೇಲೆ ಸಿಗಲ್ಲ. ಹಾಗಾಗಿ ಮತ್ತೆ ಕನೆಕ್ಟ್ ಆದ ಕೂಡಲೇ ಲಿಸನ್ ಹಾಕಿ, ಎಲ್ಲ ಸೆಟ್ಟಿಂಗ್ ಇನ್ನೊಮ್ಮೆ ಓದಿಸುತ್ತಿದ್ದೇನೆ.

ಅಂದಹಾಗೆ, ವ್ಯಾಲ್ಯೂಗಳನ್ನು ಟೆಕ್ಸ್ಟ್ ಆಗಿ ಇಟ್ಟಿದ್ದರೆ ಹುಷಾರು. ‘ಫಾಲ್ಸ್’ ಅನ್ನೋ ಸ್ಟ್ರಿಂಗ್ ಪೈಥಾನ್ ಕಣ್ಣಿಗೆ ಟ್ರೂ! ನನ್ನ ಕಾಲಂ ಈಗ ಜೇಸನ್‌ಬಿ, ಅಂದರೆ ಟ್ರೂ, ಫಾಲ್ಸ್‌ಗಳನ್ನು ಸ್ಟ್ರಿಂಗ್ ಮಾಡದೆ ಹಾಗೆಯೇ ಇಡಬಲ್ಲ ಪೋಸ್ಟ್‌ಗ್ರೆಸ್ ಟೈಪ್.