ಪಿಸಿ ಬದಲಾದ್ಮೇಲೆ ಟೆಸ್ಟ್ ಬೆಂಚ್ ಇನ್‌ಸ್ಟ್ರುಮೆಂಟ್‌ಗಳ ಅಡ್ರೆಸ್ಸೆಲ್ಲ ಅದಲುಬದಲು, ಮ್ಯಾಕ್ಸ್‌ನಲ್ಲಿ ಸರಿ ಮಾಡೋದಾ ಕೋಡಲ್ಲಾ?

ಬೆಂಚ್_ಬಾಕಿ:

ಎಲ್ರಿಗೂ ನಮಸ್ಕಾರ. ನಮ್ಮ ಟೆಸ್ಟ್ ಬೆಂಚ್‌ನ ಹಳೇ ಪಿಸಿಯ ಹಾರ್ಡ್ ಡಿಸ್ಕ್ ಕೈಕೊಡ್ತು. ಹೊಸ ಪಿಸಿಗೆ ಲ್ಯಾಬ್‌ವ್ಯೂ (ಟೆಸ್ಟ್ ಪ್ರೋಗ್ರಾಂ ಬರೆಯೋ ಸಾಫ್ಟ್‌ವೇರ್), ಎನ್‌ಐ ಮ್ಯಾಕ್ಸ್ (ಇನ್‌ಸ್ಟ್ರುಮೆಂಟ್‌ಗಳನ್ನ ಪಿಸಿಗೆ ಹೊಂದಿಸೋ ಎನ್‌ಐ ಕಂಪನಿ ಟೂಲ್), ಡ್ರೈವರ್‌ಗಳು ಎಲ್ಲ ಹಾಕಿ ಆಯ್ತು, ಆದ್ರೂ ಟೆಸ್ಟ್ ಪ್ರೋಗ್ರಾಂ ಮೊದಲನೇ ಸ್ಟೆಪ್ಪಲ್ಲೇ ನಿಂತುಬಿಡುತ್ತೆ. ಬರೆದವರು ಕೆಲಸ ಬಿಟ್ಟು ಹೋಗಿದಾರೆ, ಅಡ್ರೆಸ್‌ಗಳನ್ನ ಪ್ರೋಗ್ರಾಂ ಒಳಗೇ ಅಲ್ಲಲ್ಲಿ ತುರುಕಿ ಇಟ್ಟಿದಾರೆ, ಸ್ವಲ್ಪ ಭಾಗ ಲ್ಯಾಬ್‌ವ್ಯೂ ಸ್ವಲ್ಪ ಭಾಗ ಪೈಥಾನ್.

ಬೆಂಚ್ ಮೇಲೆ ಇರೋದು ಇಷ್ಟು: ಜಿಪಿಐಬಿಯಲ್ಲಿ (ಇನ್‌ಸ್ಟ್ರುಮೆಂಟ್ ಜೋಡಿಸೋ ಹಳೇ ಥರದ ಕೇಬಲ್) ಆರೂವರೆ ಡಿಜಿಟ್ ಮಲ್ಟಿಮೀಟರ್, ಯುಎಸ್‌ಬಿಯಲ್ಲಿ ಪವರ್ ಸಪ್ಲೈ, ಲ್ಯಾನ್‌ನಲ್ಲಿ ಆಸಿಲೋಸ್ಕೋಪ್, ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಮೂಲಕ ಎಲೆಕ್ಟ್ರಾನಿಕ್ ಲೋಡ್ (ಬೇಕಾದಷ್ಟು ಕರೆಂಟ್ ಎಳೆಯೋದು), ಜೊತೆಗೆ ಒಂದು ಯುಎಸ್‌ಬಿ ಡಿಎಕ್ಯೂ (ಸಿಗ್ನಲ್ ಅಳೆದು ಪಿಸಿಗೆ ಕೊಡೋ ಡಿವೈಸ್).

ಪವರ್ ಸಪ್ಲೈಗೆ -1073807343 ಅಂತ ಎರರ್, ರಿಸೋರ್ಸ್ ಸಿಗ್ತಿಲ್ಲ ಅಂತ (ಹಳೇ ಸಪ್ಲೈ ಕ್ಯಾಲಿಬ್ರೇಶನ್‌ಗೆ ಹೋಗಿದೆ, ಅದೇ ಮಾಡೆಲ್ ಇನ್ನೊಂದು ತಂದು ಇಟ್ಟಿದೀವಿ, ಅದೇ ಮಾಡೆಲ್ ಆದ್ಮೇಲೆ ಏನು ತೊಂದರೆ ಅಂತ ಗೊತ್ತಾಗ್ತಿಲ್ಲ). ಡಿಎಕ್ಯೂ ಡೆವ್2 ಅಂತ ಬಂದಿದೆ, ಪ್ರೋಗ್ರಾಂ ಡೆವ್1 ಕೇಳುತ್ತೆ. ಲೋಡ್‌ನ ಸೀರಿಯಲ್ ಪೋರ್ಟ್ ಕಾಮ್3 ಇದ್ದಿದ್ದು ಕಾಮ್7 ಆಗಿದೆ. ಸ್ಕೋಪ್ ಪಿಂಗ್ ಆಗುತ್ತೆ, ಬ್ರೌಸರ್‌ನಲ್ಲಿ ಅದರ ಪೇಜೂ ತೆರೆಯುತ್ತೆ, ಮ್ಯಾಕ್ಸ್‌ನಲ್ಲಿ ಮಾತ್ರ ಕಾಣ್ತಿಲ್ಲ. ಮಲ್ಟಿಮೀಟರ್ ಐಡಿ ಕೇಳಿದ್ರೆ ಹೇಳುತ್ತೆ, ರೀಡಿಂಗ್ ಕೇಳಿದ್ರೆ ಒಂದೊಂದ್ಸಲ -1073807339 ಟೈಮ್‌ಔಟ್.

ಈಗ ಕೋಡ್ ಪೂರ್ತಿ ಹುಡುಕಿ ಒಂದೊಂದೇ ಅಡ್ರೆಸ್ ತಿದ್ದೋದಾ ಅಥವಾ ಮ್ಯಾಕ್ಸ್ ಕಡೆಯಿಂದಲೇ ಏನಾದ್ರೂ ಮಾಡಬಹುದಾ? ಮ್ಯಾಕ್ಸ್ ಅಂದ್ರೆ ಇಲ್ಲೀವರೆಗೂ ಡಿವೈಸ್ ಕನೆಕ್ಟ್ ಆಗಿದ್ಯಾ ಅಂತ ನೋಡೋಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸಿಲ್ಲ.

ಹಳೇ_ಸೋಲ್ಡರ್:

ಕೋಡ್ ಮುಟ್ಟೋಕೆ ಮುಂಚೆ ಮ್ಯಾಕ್ಸ್‌ನಲ್ಲಿ ಆಗೋದನ್ನ ಮುಗಿಸಿ, ಅರ್ಧ ತಲೆನೋವು ಅಲ್ಲೇ ಹೋಗುತ್ತೆ.

ಮೊದಲು ಸಪ್ಲೈ. ಯುಎಸ್‌ಬಿ ಇನ್‌ಸ್ಟ್ರುಮೆಂಟ್‌ನ ವೀಸಾ (ಪಿಸಿ ಇನ್‌ಸ್ಟ್ರುಮೆಂಟ್ ಜೊತೆ ಮಾತಾಡೋಕೆ ಬಳಸೋ ಸಾಫ್ಟ್‌ವೇರ್) ಅಡ್ರೆಸ್ ಒಳಗೆ ವೆಂಡರ್ ಐಡಿ, ಪ್ರಾಡಕ್ಟ್ ಐಡಿ, ಆಮೇಲೆ ಸೀರಿಯಲ್ ನಂಬರ್ ಮೂರೂ ಇರುತ್ತೆ. ಮಾಡೆಲ್ ಒಂದೇ ಆದ್ರೂ ಸೀರಿಯಲ್ ನಂಬರ್ ಬೇರೆ, ಹಾಗಾಗಿ ಅಡ್ರೆಸ್ಸೂ ಬೇರೆ. ನಿಮ್ಮ ಪ್ರೋಗ್ರಾಂ ಕ್ಯಾಲಿಬ್ರೇಶನ್‌ಗೆ ಹೋಗಿರೋ ಸಪ್ಲೈನೇ ಹುಡುಕ್ತಾ ಕೂತಿದೆ, ಅದು ಎಲ್ಲಿ ಸಿಗುತ್ತೆ. ಮ್ಯಾಕ್ಸ್ ತೆರೆದು ಎಡಗಡೆ ಡಿವೈಸಸ್ ಅಂಡ್ ಇಂಟರ್‌ಫೇಸಸ್ ಬಿಡಿಸಿ, ಸಪ್ಲೈ ಮೇಲೆ ಕ್ಲಿಕ್ ಮಾಡಿದ್ರೆ ಬಲಗಡೆ ಅದರ ಪೂರ್ತಿ ಅಡ್ರೆಸ್ ಕಾಣುತ್ತೆ, ಅಲ್ಲೇ ಹೆಸರು ಬದಲಾಯಿಸಿ "ಸಪ್ಲೈ_ಮೇನ್" ಥರ ಒಂದು ಏಲಿಯಾಸ್ (ಅಡ್ಡಹೆಸರು) ಕೊಟ್ಟು ಸೇವ್ ಮಾಡಿ. ಲ್ಯಾಬ್‌ವ್ಯೂನ ವೀಸಾ ಕಂಟ್ರೋಲ್‌ನಲ್ಲಿ ಉದ್ದದ ಅಡ್ರೆಸ್ ಬದಲು ಈ ಹೆಸರು ಹಾಕಿದ್ರೆ ಸಾಕು. ಮುಂದೆ ಸಪ್ಲೈ ಬದಲಾದಾಗ ಏಲಿಯಾಸ್ ಮಾತ್ರ ಹೊಸದಕ್ಕೆ ಎತ್ತಿ ಕೊಡಿ, ಕೋಡ್ ಕಡೆ ತಿರುಗಿ ನೋಡೋದು ಬೇಡ. ಒಂದ್ಸಲ ಮಾತ್ರ ಕೋಡ್ ತಿದ್ದಬೇಕು, ಅದನ್ನ ತಪ್ಪಿಸೋಕಾಗಲ್ಲ.

ಡಿಎಕ್ಯೂ ಇನ್ನೂ ಸುಲಭ, ಕೋಡೇ ಮುಟ್ಟಬೇಕಿಲ್ಲ. ಆ ಪಿಸಿಗೆ ಮೊದಲು ಬೇರೆ ಯಾವುದೋ ಡಿಎಕ್ಯೂ ಚುಚ್ಚಿದಾರೆ ಇಲ್ಲಾ ಯಾರೋ ಸಿಮ್ಯುಲೇಟೆಡ್ ಡಿವೈಸ್ (ಹಾರ್ಡ್‌ವೇರ್ ಇಲ್ಲದ ನಕಲಿ) ಮಾಡಿದಾರೆ, ಡೆವ್1 ಅನ್ನೋ ಹೆಸರು ಅದು ಹಿಡ್ಕೊಂಡಿದೆ. ಈಗ ಕನೆಕ್ಟ್ ಆಗಿಲ್ಲದ ಡಿವೈಸ್ ಆದ್ರೆ ಲಿಸ್ಟಲ್ಲಿ ಕೆಂಪು ಎಕ್ಸ್ ಹಾಕ್ಕೊಂಡು ಕೂತಿರುತ್ತೆ, ಅದನ್ನ ಡಿಲೀಟ್ ಮಾಡಿ ನಿಮ್ಮ ಡೆವ್2ನ ರೀನೇಮ್ ಮಾಡಿ ಡೆವ್1 ಅನ್ನಿ. ಆಮೇಲೆ ಸೆಲ್ಫ್ ಟೆಸ್ಟ್ ಒತ್ತಿ, ಪಾಸ್ ಆದ್ರೆ ಟೆಸ್ಟ್ ಪ್ಯಾನಲ್ ತೆರೆದು ಅನಲಾಗ್ ಇನ್‌ಪುಟ್‌ಗೆ ಗೊತ್ತಿರೋ ಒಂದು ವೋಲ್ಟೇಜ್ ಕೊಟ್ಟು ನೋಡಿ. ಸೆಲ್ಫ್ ಟೆಸ್ಟ್ ಪಾಸ್ ಅಂದ್ರೆ ಕಾರ್ಡ್ ಜೀವಂತ ಇದೆ ಅಂತ ಮಾತ್ರ, ನಿಮ್ಮ ವೈರಿಂಗ್ ಸರಿ ಇದೆ ಅಂತಲ್ಲ.

ಬೆಂಚ್_ಬಾಕಿ:

ಸರ್ ತುಂಬಾ ಥ್ಯಾಂಕ್ಸ್, ಡಿಎಕ್ಯೂ ಸರಿ ಆಯ್ತು, ನೀವು ಹೇಳಿದ ಹಾಗೇ ಸಿಮ್ಯುಲೇಟೆಡ್ ಡಿವೈಸ್ ಒಂದು ಡೆವ್1 ಆಗಿ ಕೂತಿತ್ತು, ಯಾರು ಮಾಡಿದ್ದು ಅಂತ ಯಾರೂ ಒಪ್ಕೊಳ್ತಿಲ್ಲ. ಸಪ್ಲೈಗೂ ಏಲಿಯಾಸ್ ಕೊಟ್ಟೆ, ಟೆಸ್ಟ್ ಪ್ಯಾನಲ್‌ನಲ್ಲಿ ಐಡಿಎನ್ (ನೀನು ಯಾರು ಅಂತ ಕೇಳೋ ಕಮಾಂಡ್) ಕಳಿಸಿದ್ರೆ ಉತ್ತರ ಬಂತು. ಸ್ಕೋಪ್ ಮಾತ್ರ ಹಾಗೇ ಇದೆ. ಫೈರ್‌ವಾಲ್ ಆಫ್ ಮಾಡಿ ನೋಡ್ಲಾ?

ಸಬ್‌ನೆಟ್_ಸುಬ್ಬಿ:

ಫೈರ್‌ವಾಲ್ ಪೂರ್ತಿ ಆಫ್ ಮಾಡೋಕೆ ಹೋಗ್ಬೇಡಿ. ಪಿಂಗ್ ಆಗೋದು ಬೇರೆ, ಮ್ಯಾಕ್ಸ್ ತಾನಾಗೇ ಹುಡುಕೋದು ಬೇರೆ. ಆಟೋ ಡಿಸ್ಕವರಿ ಅನ್ನೋದು ನೆಟ್‌ವರ್ಕ್‌ಗೆಲ್ಲ ಕೂಗಿ "ಇನ್‌ಸ್ಟ್ರುಮೆಂಟ್ ಯಾರಾದ್ರೂ ಇದೀರಾ" ಅಂತ ಕೇಳೋ ಕೆಲಸ, ವಿಎಕ್ಸ್‌ಐ-11ನಲ್ಲಿ (ಲ್ಯಾನ್ ಮೇಲೆ ಇನ್‌ಸ್ಟ್ರುಮೆಂಟ್ ಜೊತೆ ಮಾತಾಡೋ ಹಳೇ ಪ್ರೋಟೋಕಾಲ್) ಪೋರ್ಟ್ 111ಕ್ಕೆ ಬ್ರಾಡ್‌ಕಾಸ್ಟ್ ಹೋಗುತ್ತೆ, ಎಲ್‌ಎಕ್ಸ್‌ಐ (ಲ್ಯಾನ್ ಇನ್‌ಸ್ಟ್ರುಮೆಂಟ್‌ಗಳ ಸ್ಟ್ಯಾಂಡರ್ಡ್) ಇನ್‌ಸ್ಟ್ರುಮೆಂಟ್‌ಗಳಲ್ಲಿ ಎಂಡಿಎನ್‌ಎಸ್ ಅನ್ನೋ ಇನ್ನೊಂದು ಹುಡುಕೋ ವಿಧಾನ ಕೂಡ ಇರುತ್ತೆ. ಈ ಕೂಗು ಸಬ್‌ನೆಟ್ (ನೆಟ್‌ವರ್ಕ್‌ನ ಒಂದು ತುಂಡು) ದಾಟಿ ಹೋಗಲ್ಲ. ಪಿಂಗು, ವೆಬ್ ಪೇಜು ಎರಡೂ ರೂಟರ್ ಮೂಲಕ ಆರಾಮಾಗಿ ಹೋಗಿ ಬರುತ್ತೆ. ಪಿಸಿ ಒಂದು ಸಬ್‌ನೆಟ್ ಸ್ಕೋಪ್ ಇನ್ನೊಂದು ಸಬ್‌ನೆಟ್ ಇದ್ರೆ ನೀವು ಹೇಳ್ತಿರೋದೇ ಆಗೋದು. ಪಿಸಿಯಲ್ಲಿ ಎರಡು ನೆಟ್‌ವರ್ಕ್ ಕಾರ್ಡ್ ಇದ್ಯಾ ಅಂತಲೂ ನೋಡಿ. ಅದೇ ಸಬ್‌ನೆಟ್ ಆಗಿದ್ರೂ ವಿಂಡೋಸ್ ಫೈರ್‌ವಾಲ್ ಉತ್ತರನ ತಡೆದಿರಬಹುದು, ಆಗ ಆ ಒಂದು ಪ್ರೋಗ್ರಾಂಗೆ ಮಾತ್ರ ಪರ್ಮಿಶನ್ ಕೊಡಿ.

ಹುಡುಕಿಸೋ ರಗಳೆನೇ ಬೇಡ ಅಂದ್ರೆ ಕೈಯಾರೆ ಸೇರಿಸಿ. ನೆಟ್‌ವರ್ಕ್ ಡಿವೈಸಸ್ ಮೇಲೆ ರೈಟ್ ಕ್ಲಿಕ್ ಮಾಡಿ ಹೊಸ ವೀಸಾ ಟಿಸಿಪಿಐಪಿ ರಿಸೋರ್ಸ್ ಅಂತ ಇರುತ್ತೆ, ಅದರಲ್ಲಿ ಮ್ಯಾನ್ಯುಯಲ್ ಆಯ್ಕೆ ಮಾಡಿ ಐಪಿ ಕೊಡಿ. ಸ್ಕೋಪ್‌ಗೆ ಹೈಸ್ಲಿಪ್ (ವಿಎಕ್ಸ್‌ಐ-11 ಬದಲಿನ ಹೊಸ ಪ್ರೋಟೋಕಾಲ್) ಬರುತ್ತೆ ಅಂದ್ರೆ ಅದನ್ನೇ ತಗೊಳ್ಳಿ, ಪೋರ್ಟ್ 4880, ವಿಎಕ್ಸ್‌ಐ-11ಗಿಂತ ಫಾಸ್ಟು, ವೇವ್‌ಫಾರ್ಮ್ ಎಳೆಯುವಾಗ ವ್ಯತ್ಯಾಸ ಕಾಣುತ್ತೆ. ರಾ ಸಾಕೆಟ್ ಆದ್ರೆ ಬಹಳಷ್ಟು ಇನ್‌ಸ್ಟ್ರುಮೆಂಟ್‌ಗಳಲ್ಲಿ ಪೋರ್ಟ್ 5025, ಆದ್ರೆ ಸಾಕೆಟ್‌ನಲ್ಲಿ ಮೆಸೇಜ್ ಎಲ್ಲಿ ಮುಗೀತು ಅಂತ ಹೇಳೋ ವ್ಯವಸ್ಥೆ ಇಲ್ಲ, ಟರ್ಮಿನೇಶನ್ ಕ್ಯಾರೆಕ್ಟರ್ ಆನ್ ಮಾಡಿ ಲೈನ್‌ಫೀಡ್ ಕೊಡದಿದ್ರೆ ಉತ್ತರ ಬಂದಿದ್ರೂ ಟೈಮ್‌ಔಟ್ ಅನ್ನುತ್ತೆ, ಜನ ಕೇಬಲ್ ಕೆಟ್ಟಿದೆ ಅಂತ ಬದಲಾಯಿಸ್ತಾ ಕೂರ್ತಾರೆ.

ಇನ್ನೊಂದು, ಡಿಎಚ್‌ಸಿಪಿ (ಐಪಿ ತಾನಾಗೇ ಹಂಚೋ ವ್ಯವಸ್ಥೆ) ಮೇಲೆ ಬಿಟ್ಟಿದ್ರೆ ಇವತ್ತಿನ ಐಪಿ ನಾಳೆ ಇರುತ್ತೆ ಅಂತ ನಂಬಬೇಡಿ. ನೆಟ್‌ವರ್ಕ್ ನೋಡ್ಕೊಳ್ಳೋರಿಗೆ ಸ್ಕೋಪ್‌ನ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಹಾರ್ಡ್‌ವೇರ್ ನಂಬರ್) ಕೊಟ್ಟು ಐಪಿ ರಿಸರ್ವ್ ಮಾಡಿಸಿ ಇಲ್ಲಾ ಹೋಸ್ಟ್‌ನೇಮ್ ಬಳಸಿ. ಸ್ಕೋಪ್‌ನಲ್ಲಿ 169.254 ಅಂತ ಶುರುವಾಗೋ ಐಪಿ ಕಂಡ್ರೆ ಅದಕ್ಕೆ ಡಿಎಚ್‌ಸಿಪಿ ಸಿಕ್ಕೇ ಇಲ್ಲ ಅಂತ ಅರ್ಥ.

ಗಿಟ್_ಗಿರಾಕಿ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದ್ರೆ ಏಲಿಯಾಸ್ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ನಿಮ್ಮ ತೊಂದರೆ ಶುರುವಾಗಿದ್ದೇ ಹಾರ್ಡ್ ಡಿಸ್ಕ್ ಹೋಗಿ. ಏಲಿಯಾಸ್ ಇರೋದೂ ಅದೇ ಹಾರ್ಡ್ ಡಿಸ್ಕಲ್ಲಿ. ಮುಂದಿನ ಸಲ ಪಿಸಿ ಹೋದ್ರೆ "ಸಪ್ಲೈ_ಮೇನ್" ಅಂದ್ರೆ ಯಾವುದು ಅಂತ ಕೋಡ್ ನೋಡಿದವರಿಗೂ ಗೊತ್ತಾಗಲ್ಲ, ಈಗ ಕಡೇಪಕ್ಷ ಅಡ್ರೆಸ್ ಆದ್ರೂ ಕಾಣ್ತಿದೆ.

ಮತ್ತೆ ಪೈಥಾನ್ ಭಾಗನ ಯಾರೂ ಗಮನಿಸಿಲ್ಲ. ಮ್ಯಾಕ್ಸ್‌ನಲ್ಲಿ ಕೊಟ್ಟ ಏಲಿಯಾಸ್ ಎನ್‌ಐ ವೀಸಾಗೆ ಮಾತ್ರ ಗೊತ್ತು. ಪೈವೀಸಾ (ಪೈಥಾನ್‌ನಿಂದ ವೀಸಾ ಬಳಸೋ ಲೈಬ್ರರಿ) ಎನ್‌ಐ ವೀಸಾ ಮೇಲೆ ಓಡ್ತಿದ್ರೆ ಸರಿ, ಪೂರ್ತಿ ಪೈಥಾನ್‌ನಲ್ಲೇ ಬರೆದಿರೋ ಬ್ಯಾಕೆಂಡ್ ಹಾಕಿದ್ರೆ ಅದಕ್ಕೆ ಈ ಹೆಸರು ಯಾವುದೂ ಗೊತ್ತಿರಲ್ಲ. ಕೀಸೈಟ್ ಕನೆಕ್ಷನ್ ಎಕ್ಸ್‌ಪರ್ಟ್ (ಕೀಸೈಟ್ ಕಂಪನಿಯ ಮ್ಯಾಕ್ಸ್ ಥರದ ಟೂಲ್) ಇದ್ರೆ ಅದರ ಏಲಿಯಾಸ್ ಪಟ್ಟಿನೇ ಬೇರೆ.

ನಾವು ಮಾಡೋದು ಹೀಗೆ. ಕೋಡ್ ಜೊತೆಗೇ ಒಂದು ಸಣ್ಣ ಕಾನ್ಫಿಗ್ ಫೈಲ್, ಗಿಟ್‌ನಲ್ಲಿ (ಕೋಡ್‌ನ ಎಲ್ಲ ಆವೃತ್ತಿ ಉಳಿಸಿಡೋ ಟೂಲ್). ಒಂದೊಂದು ಇನ್‌ಸ್ಟ್ರುಮೆಂಟ್‌ಗೂ ಒಂದೊಂದು ಸಾಲು, ಸಾಲಲ್ಲಿ ಅದರ ಕೆಲಸದ ಹೆಸರು, ಅಡ್ರೆಸ್, ಯಾವ ಮಾಡೆಲ್ ಇರಬೇಕು ಅನ್ನೋದು, ಟೈಮ್‌ಔಟ್. ಪ್ರೋಗ್ರಾಂ ಶುರುವಾದ ತಕ್ಷಣ ಎಲ್ಲಕ್ಕೂ *ಐಡಿಎನ್? ಕಳಿಸುತ್ತೆ, ಉತ್ತರದಲ್ಲಿ ಕಾಮಾ ಹಾಕಿ ನಾಲ್ಕು ಭಾಗ ಬರುತ್ತೆ, ತಯಾರಕರು, ಮಾಡೆಲ್, ಸೀರಿಯಲ್ ನಂಬರ್, ಫರ್ಮ್‌ವೇರ್. ಮಾಡೆಲ್ ಹೊಂದದಿದ್ರೆ ಅಲ್ಲೇ ನಿಲ್ಲಿಸಿಬಿಡುತ್ತೆ, ಸೀರಿಯಲ್ ನಂಬರ್ ಮತ್ತು ಫರ್ಮ್‌ವೇರ್ ರಿಪೋರ್ಟ್‌ಗೆ ಹೋಗುತ್ತೆ. ಸಪ್ಲೈ ಅಂತ ತಿಳ್ಕೊಂಡು ಲೋಡ್‌ಗೆ ಕಮಾಂಡ್ ಕಳಿಸಿದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳೋದು ಬೇಡ ಅನ್ಕೋತೀನಿ.

ಹಳೇ_ಸೋಲ್ಡರ್:

@ಗಿಟ್_ಗಿರಾಕಿ ಐಡಿಎನ್ ಚೆಕ್ ವಿಷಯ ಒಪ್ಪಿದೆ, ಏಲಿಯಾಸ್ ಇದ್ರೂ ಅದು ಬೇಕೇ ಬೇಕು. ಆದ್ರೆ ರಾತ್ರಿ ಶಿಫ್ಟ್‌ನಲ್ಲಿ ಸಪ್ಲೈ ಬದಲಾಯಿಸೋ ಟೆಕ್ನಿಷಿಯನ್‌ಗೆ ಗಿಟ್ ತೆರೆದು ಫೈಲ್ ತಿದ್ದು ಅಂತ ಹೇಳೋಕಾಗುತ್ತಾ? ಮ್ಯಾಕ್ಸ್‌ನಲ್ಲಿ ಹೆಸರು ಬದಲಾಯಿಸೋದು ಕಣ್ಣೆದುರಿಗೇ ಇರುತ್ತೆ, ಅಲ್ಲೇ ಟೆಸ್ಟ್ ಪ್ಯಾನಲ್‌ನಲ್ಲಿ ಉತ್ತರ ಬಂತಾ ಅಂತಲೂ ನೋಡ್ಬಹುದು. ಡಿಎಕ್ಯೂ ಟಾಸ್ಕ್, ಚಾನಲ್, ಸ್ಕೇಲ್ ಇವನ್ನ ಮ್ಯಾಕ್ಸ್‌ನಲ್ಲೇ ಮಾಡಿಟ್ಟಿದ್ರೆ ನಿಮ್ಮ ಒಂದು ಸಾಲಿನ ಫೈಲ್ ಸಾಲೋದೂ ಇಲ್ಲ.

ಹಾರ್ಡ್ ಡಿಸ್ಕ್ ಭಯಕ್ಕೆ ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಇದೆ, ಕಾನ್ಫಿಗರೇಶನ್ ಒಂದು ಎನ್‌ಸಿಇ ಫೈಲ್ ಆಗಿ ಹೊರಗೆ ಬರುತ್ತೆ, ಅದನ್ನ ನಿಮ್ಮ ಪ್ರೀತಿಯ ಗಿಟ್‌ನಲ್ಲೇ ಇಡಿ. ಬೇರೆ ಪಿಸಿಗೆ ಇಂಪೋರ್ಟ್ ಮಾಡಿದ್ಮೇಲೆ ಏಲಿಯಾಸ್‌ಗಳು, ಡಿವೈಸ್ ಹೆಸರುಗಳು ಎಲ್ಲ ಕೂತ್ಕೊಂಡಿದ್ಯಾ ಅಂತ ಒಂದ್ಸಲ ಕಣ್ಣಾಡಿಸಿ. ಡ್ರೈವರ್ ವರ್ಷನ್‌ಗಳಿಗೆ ಮ್ಯಾಕ್ಸ್ ಟೆಕ್ನಿಕಲ್ ರಿಪೋರ್ಟ್ ಕೂಡ ತೆಗೆದಿಡಿ, ಆರು ತಿಂಗಳಾದ್ಮೇಲೆ ಮೊದಲು ಯಾವ ಡ್ರೈವರ್ ಇತ್ತು ಅಂತ ಯಾರಿಗೂ ನೆನಪಿರಲ್ಲ.

ಟ್ರಿಗರ್_ತಾತ:

ಮಲ್ಟಿಮೀಟರ್ ಟೈಮ್‌ಔಟ್ ಬಗ್ಗೆ ಎಲ್ರೂ ಮರೆತೇಬಿಟ್ರು ಅನ್ಸುತ್ತೆ. ಐಡಿ ಸರಿಯಾಗಿ ಬರುತ್ತೆ ಅಂದ್ಮೇಲೆ ಜಿಪಿಐಬಿ ಕಾರ್ಡ್, ಕೇಬಲ್, ಅಡ್ರೆಸ್ ಮೂರೂ ಚೆನ್ನಾಗಿದೆ. ಮೀಟರ್‌ನಲ್ಲಿ ಇಂಟಿಗ್ರೇಶನ್ ಟೈಮ್ (ಒಂದು ರೀಡಿಂಗ್‌ಗೆ ಅಳೆಯೋ ಹೊತ್ತು) ಎಷ್ಟಿಟ್ಟಿದೀರಾ ನೋಡಿ. 100 ಪವರ್ ಲೈನ್ ಸೈಕಲ್ ಅಂತ ಇದ್ರೆ 50 ಹರ್ಟ್ಜ್‌ನಲ್ಲಿ ಅದೊಂದೇ 2 ಸೆಕೆಂಡ್, ಆಟೋ ಜೀರೋ ಆನ್ ಇದ್ರೆ ಪ್ರತಿ ರೀಡಿಂಗ್ ಜೊತೆ ಜೀರೋನೂ ಅಳೆಯುತ್ತೆ ಅಲ್ಲಿಗೆ 4 ಸೆಕೆಂಡ್ ಹತ್ರ ಹೋಯ್ತು, ವೀಸಾ ಡೀಫಾಲ್ಟ್ ಟೈಮ್‌ಔಟ್ 2000 ಮಿಲಿಸೆಕೆಂಡ್. ಮೀಟರ್ ಪಾಪ ಇನ್ನೂ ಅಳೀತಾ ಇರುತ್ತೆ, ಇವರು ಎದ್ದು ಹೋಗಿರ್ತಾರೆ. ಟೈಮ್‌ಔಟ್ 10000 ಮಾಡಿ ನೋಡಿ. ಒಂದೊಂದ್ಸಲ ಮಾತ್ರ ಅಂತ ಬೇರೆ ಹೇಳ್ತಿದೀರಾ, ಯಾವುದೋ ಕೆಲವು ಸ್ಟೆಪ್‌ಗಳಲ್ಲಿ ಮಾತ್ರ ನಿಧಾನದ ಸೆಟ್ಟಿಂಗ್ ಹಾಕಿರ್ತಾರೆ.

ಅದಲ್ಲ ಅಂದ್ರೆ ಎನ್‌ಐ ಐಓ ಟ್ರೇಸ್ ಅನ್ನೋ ಟೂಲ್ ಆನ್ ಮಾಡಿ ಪ್ರೋಗ್ರಾಂ ಓಡಿಸಿ, ಯಾವ ಕಮಾಂಡ್ ಹೋಯ್ತು, ಎಷ್ಟು ಹೊತ್ತಿಗೆ ಏನು ಬಂತು ಅಂತ ಸಾಲುಸಾಲಾಗಿ ಬರುತ್ತೆ, ಸೋತ ಸಾಲು ಕೆಂಪಾಗಿ ಕಾಣುತ್ತೆ. ಜೊತೆಗೆ ಟೆಸ್ಟ್ ಪ್ಯಾನಲ್‌ನಿಂದ ಸಿಸ್ಟ್:ಎರ್? (ಏನು ತಪ್ಪಾಯ್ತು ಅಂತ ಕೇಳೋ ಕಮಾಂಡ್) ಕಳಿಸಿ ಕೇಳಿ. -113 ಬಂದ್ರೆ ಕಮಾಂಡ್ ಸ್ಪೆಲಿಂಗ್ ಮೀಟರ್‌ಗೆ ಅರ್ಥ ಆಗಿಲ್ಲ, ಅರ್ಥ ಆಗದ ಪ್ರಶ್ನೆಗೆ ಉತ್ತರ ಬರಲ್ಲ, ಅದೂ ಟೈಮ್‌ಔಟ್ ಥರನೇ ಕಾಣೋದು. -410 ಬಂದ್ರೆ ಹಿಂದಿನ ಉತ್ತರ ಓದೋಕೆ ಮುಂಚೆನೇ ಮುಂದಿನ ಕಮಾಂಡ್ ಕಳಿಸಿದೀರ.

ಕನೆಕ್ಷನ್ ಎಕ್ಸ್‌ಪರ್ಟೂ ಮ್ಯಾಕ್ಸೂ ಒಂದೇ ಪಿಸಿಯಲ್ಲಿ ಇದ್ರೆ ಯಾವ ವೀಸಾ ಪ್ರೈಮರಿ ಅಂತ ತೀರ್ಮಾನ ಮಾಡ್ಕೊಳ್ಳಿ. ಎರಡೂ ಒಟ್ಟಿಗೆ ಇರಬಹುದು, ತಪ್ಪಿಲ್ಲ, ಆದ್ರೆ ಇನ್‌ಸ್ಟಾಲ್ ಮಾಡುವಾಗ ನೆಕ್ಸ್ಟ್ ನೆಕ್ಸ್ಟ್ ಒತ್ತಿ ಹೋದ್ರೆ ಆಮೇಲೆ ಬಂದಿದ್ದು ಪ್ರೈಮರಿ ಆಗಿಬಿಡಬಹುದು, ಆಗ ನೆನ್ನೆವರೆಗೂ ಓಡ್ತಿದ್ದ ಪ್ರೋಗ್ರಾಂ ಬೇರೆ ವೀಸಾ ಮೇಲೆ ಓಡೋಕೆ ಶುರು ಮಾಡುತ್ತೆ.

ಬೆಂಚ್_ಬಾಕಿ:

ತಾತಂಗೆ ಒಂದು ದೊಡ್ಡ ನಮಸ್ಕಾರ. 100 ಸೈಕಲ್ಲೇ ಇತ್ತು, ಕಡೇ ಎರಡು ಸ್ಟೆಪ್‌ನಲ್ಲಿ ಮಾತ್ರ. ಟೈಮ್‌ಔಟ್ ಜಾಸ್ತಿ ಮಾಡಿದ್ಮೇಲೆ ತೊಂದರೆ ಇಲ್ಲ. ಸ್ಕೋಪ್ ಬೇರೆ ಸಬ್‌ನೆಟ್‌ನಲ್ಲೇ ಇತ್ತು, ಐಪಿ ಕೊಟ್ಟು ಸೇರಿಸಿದೆ, ಬಂತು. ಏಲಿಯಾಸ್ ಇಟ್ಕೊಂಡು ಮೇಲಿಂದ ಐಡಿಎನ್ ಚೆಕ್ಕೂ ಹಾಕ್ತೀನಿ, ಇಬ್ರಿಗೂ ಸಮಾಧಾನ ಆಗ್ಲಿ. ಉಳಿದಿರೋದು ಲೋಡ್. ಕಾಮ್7ಗೆ ಏಲಿಯಾಸ್ ಕೊಟ್ಟೆ, ಟೆಸ್ಟ್ ಪ್ಯಾನಲ್‌ನಲ್ಲಿ ಚೆನ್ನಾಗಿ ಮಾತಾಡುತ್ತೆ, ಪ್ರೋಗ್ರಾಂ ಓಡಿಸಿದ್ರೆ -1073807246 ಅನ್ನುತ್ತೆ.

ಟ್ರಿಗರ್_ತಾತ:

ಟೆಸ್ಟ್ ಪ್ಯಾನಲ್ ಮುಚ್ಚಿ ಪ್ರೋಗ್ರಾಂ ಓಡಿಸಿ. ಸೀರಿಯಲ್ ಪೋರ್ಟ್ ಒಂದು ಹೊತ್ತಿಗೆ ಒಬ್ಬರಿಗೇ, ಮ್ಯಾಕ್ಸ್ ಹಿಡ್ಕೊಂಡಿದ್ರೆ ಪ್ರೋಗ್ರಾಂಗೆ ಬಿಝಿ ಅಂತಲೇ ಬರೋದು.

ಹಳೇ_ಸೋಲ್ಡರ್:

ಜೊತೆಗೆ ಆ ಅಡಾಪ್ಟರ್ ಎಂಥದ್ದು ನೋಡಿ. ಚಿಪ್ ಒಳಗೆ ಸೀರಿಯಲ್ ನಂಬರ್ ಇಲ್ಲದ ಅಗ್ಗದ ಅಡಾಪ್ಟರ್ ಆದ್ರೆ ಬೇರೆ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಿದ ಕೂಡಲೇ ವಿಂಡೋಸ್ ಹೊಸ ಕಾಮ್ ನಂಬರ್ ಕೊಡುತ್ತೆ, ಏಲಿಯಾಸ್ ಹಳೇ ನಂಬರ್ ಮೇಲೇ ಉಳ್ಕೊಂಡಿರುತ್ತೆ. ಸೀರಿಯಲ್ ನಂಬರ್ ಇರೋ ಎಫ್‌ಟಿಡಿಐ ಚಿಪ್ಪಿನ ಅಡಾಪ್ಟರ್ ಹಾಕಿ, ಇಲ್ಲಾ ಪಿಸಿ ಹಿಂದಿನ ಒಂದು ಪೋರ್ಟ್‌ಗೆ "ಲೋಡ್" ಅಂತ ಸ್ಟಿಕ್ಕರ್ ಅಂಟಿಸಿ ಯಾರೂ ಕೀಳದ ಹಾಗೆ ನೋಡ್ಕೊಳ್ಳಿ. ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟ್ ಸೆಟ್ಟಿಂಗ್ಸ್ ಅಡ್ವಾನ್ಸ್ಡ್‌ಗೆ ಹೋಗಿ ಮತ್ತೆ ಕಾಮ್3 ಮಾಡೋಕೂ ಆಗುತ್ತೆ, ಹಳೇ ಕೋಡ್ ಇನ್ನೂ ಎಲ್ಲಾದ್ರೂ ಕಾಮ್3 ಅಂತ ಕೇಳ್ತಿದ್ರೆ ಅದೇ ಶಾರ್ಟ್‌ಕಟ್.