ಕೆಫೀನ್ ಕರ್ವ್ 273ರಲ್ಲಿ ಹಾಳಾಗ್ತಿದೆ, ತಲೆ ಕೆಟ್ಟೋಗಿದೆ, ಯಾರಾದ್ರೂ ನೋಡಿ

ಮಸುಕು_ಕ್ಯುವೆಟ್: ಮೂರು ದಿನದಿಂದ ಇದೇ ಗೋಳು. ಸ್ಪೆಕ್ಟ್ರೋಫೋಟೋಮೀಟರಲ್ಲಿ (ದ್ರಾವಣ ಎಷ್ಟು ಬೆಳಕು ಹೀರುತ್ತೆ ಅಂತ ಅಳೆಯೋ ಮಷೀನು) ಕ್ಯಾಲಿಬ್ರೇಷನ್ ಕರ್ವ್ ಹಾಕ್ತಿದೀನಿ. ಕೆಫೀನ್ ನೀರಲ್ಲಿ 2, 4, 6, 8, 10 ಪಿಪಿಎಂ, ಬೆಳಕು 273 ನ್ಯಾನೋಮೀಟರ್. ಹೋದ ವಾರ ಇದೇ ಸ್ಟಾಕ್, ಇದೇ ಮಷೀನು, ಅಬ್ಸಾರ್ಬನ್ಸ್ (ಬೆಳಕು ಹೀರಿದ ಅಳತೆ) 0.10ರಿಂದ 0.50 ತನಕ ಸ್ಕೇಲ್ ಇಟ್ಟು ಗೆರೆ ಎಳೆದಂಗೆ ಬಂದಿತ್ತು. ಈಗ 0.19, 0.24, 0.41, 0.43, 0.62. ಅದೇ ಸ್ಯಾಂಪಲ್ ಇನ್ನೊಂದ್ಸಲ ಹಾಕಿದ್ರೆ ಬೇರೆ ನಂಬರ್. ಸ್ಟಾಕ್ ಹೊಸದು ಮಾಡ್ದೆ, ಪೈಪೆಟ್ ಬದಲಾಯಿಸ್ದೆ, ಬೇಸ್‌ಲೈನ್ (ಬರೀ ನೀರಿನ ರೀಡಿಂಗ್, ಬ್ಲಾಂಕ್) ದಿನಾ ಬೆಳಿಗ್ಗೆ ಹೊಸದಾಗಿ ತಗೋತೀನಿ. ಎಲ್ಲಾ ಸರಿಯಾಗೇ ಮಾಡ್ತಿದೀನಿ. ಏನಿದು?

ಡ್ಯುಟೀರಿಯಂ_ಮಾವ: ಲ್ಯಾಂಪ್. ಬೇರೆ ಮಾತೇ ಇಲ್ಲ. ಪರ್ಮಾಂಗನೇಟ್ ತಗೊಂಡು 525ರಲ್ಲಿ ಓದು, ಅಲ್ಲಿ, ಅಂದ್ರೆ ಕಣ್ಣಿಗೆ ಕಾಣೋ ಬೆಳಕಲ್ಲಿ, ಉರಿಯೋದು ಟಂಗ್‌ಸ್ಟನ್. ಅದು ಸರಿ ಬಂದು ಇದು ಕೆಟ್ಟಿದ್ರೆ ಯುವಿ ಕೊಡೋ ಡ್ಯುಟೀರಿಯಂ ಲ್ಯಾಂಪ್ ಹೋಯ್ತು ಅಂತಾನೇ ಅರ್ಥ. ಎಷ್ಟು ಗಂಟೆ ಓಡಿದೆ?

ಮಸುಕು_ಕ್ಯುವೆಟ್: 410. ಪರ್ಮಾಂಗನೇಟ್ ಚೆನ್ನಾಗೇ ಬಂತು. ತರಂಗಾಂತರ ಸರಿ ಇದೆಯಾ ನೋಡೋ ಹೋಲ್ಮಿಯಂ ಕೂಡ ಹಾಕ್ದೆ, 241, 287 ಎರಡೂ ಪೀಕ್ ಜಾಗದಲ್ಲೇ ಇವೆ.

ಡ್ಯುಟೀರಿಯಂ_ಮಾವ: ನೋಡ್ದ್ಯಾ, ನಾನ್ ಹೇಳ್ಲಿಲ್ವಾ. ಹೋಲ್ಮಿಯಂ ಪೀಕ್ ಎಲ್ಲಿದೆ ಅಂತ ಹೇಳುತ್ತೆ ಅಷ್ಟೇ, ಲ್ಯಾಂಪಲ್ಲಿ ದಮ್ ಇದೆಯಾ ಅಂತ ಹೇಳಲ್ಲ. ಹೊಸದು ಹಾಕು.

ಗಾಜಿನ_ಗೊಂಬೆ: ಗುರೂ, ಕ್ಯುವೆಟ್ (ಸ್ಯಾಂಪಲ್ ಹಾಕೋ ಚಿಕ್ಕ ಡಬ್ಬಿ) ಯಾವುದು ಅಂತಾನೇ ಬರೆದಿಲ್ವಲ್ಲ. ಪ್ಲಾಸ್ಟಿಕ್ಕಾ? ಮಾಮೂಲಿ ಪ್ಲಾಸ್ಟಿಕ್ ಆಗ್ಲಿ ಗಾಜಾಗ್ಲಿ 300ರ ಕೆಳಗೆ ಬೆಳಕೇ ಬಿಡಲ್ಲ.

ಮಸುಕು_ಕ್ಯುವೆಟ್: ಕ್ವಾರ್ಟ್ಜೇ ಸ್ವಾಮಿ, ಅಷ್ಟೂ ಗೊತ್ತಿಲ್ವಾ ನಂಗೆ.

ಡಬಲ್_ಬೀಮ್: ಸಿಂಗಲ್ ಬೀಮ್ ಇರ್ಬೇಕು, ಅದಕ್ಕೇ ಈ ಕಥೆ. ನಮ್ದು ಡಬಲ್ ಬೀಮ್ (ಬ್ಲಾಂಕಿಗೂ ಸ್ಯಾಂಪಲ್ಲಿಗೂ ಬೇರೆ ಬೇರೆ ಕಿರಣ), ಜೊತೆಗೆ ಇನ್ನೊಂದು ಡಯೋಡ್ ಅರೇನೂ ಇದೆ, 190ರಿಂದ 1100 ತನಕ ಪೂರ್ತಿ ಸ್ಪೆಕ್ಟ್ರಮ್ ಕಣ್ಣು ಮಿಟುಕಿಸೋದ್ರೊಳಗೆ ಬಂದ್ಬಿಡುತ್ತೆ.

ಗಾಜಿನ_ಗೊಂಬೆ: ಕೇಳಿದ್ದು ಅದಲ್ಲಪ್ಪಾ. ಡಬಲ್ ಬೀಮ್ ಲ್ಯಾಂಪಿನ ಏರಿಳಿತ ಸರಿ ಮಾಡುತ್ತೆ, ಸ್ಯಾಂಪಲ್ ಕ್ಯುವೆಟ್ ಒಳಗಿರೋ ಕೊಳೆ ಅಲ್ಲ.

ಡಬಲ್_ಬೀಮ್: ಕೊಳೆ ಇದೆ ಅಂತ ಯಾರು ಹೇಳಿದ್ರು?

ಇಂಟರ್ಸೆಪ್ಟ್_ಅಕ್ಕ: ನಿಲ್ಲಿ ನಿಲ್ಲಿ. ಅವ್ರು ಕೊಟ್ಟ ನಂಬರ್ ಯಾರಾದ್ರೂ ಗ್ರಾಫಿಗೆ ಹಾಕಿ ನೋಡಿದ್ರಾ? ನಾನ್ ಹಾಕ್ದೆ. ಸ್ಲೋಪ್ 0.0525, ಮೊದ್ಲು 0.05 ಇತ್ತು, ಅಂದ್ರೆ ಹೆಚ್ಚು ಕಮ್ಮಿ ಅದೇ. ಕೆಟ್ಟಿರೋದು ಇಂಟರ್ಸೆಪ್ಟು (ಕೆಫೀನ್ ಸೊನ್ನೆ ಇದ್ದಾಗ ಗೆರೆ ನಿಲ್ಲೋ ಜಾಗ), 0.06ಕ್ಕೆ ಎದ್ದಿದೆ. ಐದೂ ರೀಡಿಂಗ್ ಮೇಲಕ್ಕೇ ಹೋಗಿವೆ, ಒಂದೂ ಕೆಳಗೆ ಬಂದಿಲ್ಲ. ಲ್ಯಾಂಪ್ ಸುಸ್ತಾಗಿದ್ರೆ ನಾಯ್ಸು ಎರಡೂ ಕಡೆ ಆಡ್ಬೇಕಿತ್ತು, ಸ್ಟ್ರೇ ಲೈಟ್ (ದಾರಿ ತಪ್ಪಿ ಡಿಟೆಕ್ಟರಿಗೆ ಬೀಳೋ ಬೆಳಕು) ಆಗಿದ್ರೆ ಮೇಲಿನ ಕಾನ್ಸಂಟ್ರೇಷನ್‌ಗಳು ಕಮ್ಮಿ ತೋರಿಸ್ಬೇಕಿತ್ತು. ಇಲ್ಲಿ ಕೆಫೀನ್ ಜೊತೆ ಇನ್ನೇನೋ ಸೇರ್ಕೊಂಡು ಹೀರ್ತಿದೆ, ಅದೂ ಪ್ರತಿ ಸಲ ಬೇರೆ ಬೇರೆ ಪ್ರಮಾಣದಲ್ಲಿ. 220ರಿಂದ 350 ಸ್ಕ್ಯಾನ್ ಮಾಡಿ, 245 ಹತ್ರ ಇರೋ ತಗ್ಗು ಹೆಂಗಿದೆ ಹೇಳಿ. ಇನ್ನೊಂದು, ಸ್ಯಾಂಪಲ್ ಬದಲಾಯಿಸುವಾಗ ಕ್ಯುವೆಟ್ ಯಾವುದ್ರಲ್ಲಿ ತೊಳೀತೀರಾ?

ಡ್ಯುಟೀರಿಯಂ_ಮಾವ: ನಾಯ್ಸು ಯಾವಾಗ್ಲೂ ಎರಡೂ ಕಡೆ ಬರುತ್ತೆ ಅಂತ ಏನಿಲ್ಲಮ್ಮ, ನಾನ್ ಎಷ್ಟು ಲ್ಯಾಂಪ್ ನೋಡಿಲ್ಲ.

ಮಸುಕು_ಕ್ಯುವೆಟ್: ತಗ್ಗು ತುಂಬ್ಕೊಂಡು ಬಿಟ್ಟಿದೆ ಅಕ್ಕ, ಹೋದ ವಾರದ ಸ್ಕ್ಯಾನಲ್ಲಿ ಇಷ್ಟು ಮೇಲಿರ್ಲಿಲ್ಲ. ತೊಳೆಯೋದು ಮಾಮೂಲಿ ತರಾನೇ, ನೀರು, ಆಮೇಲೆ ಬೇಗ ಒಣಗ್ಲಿ ಅಂತ ಅಸಿಟೋನ್, ಅಲ್ಲಾಡ್ಸಿ ಚೆಲ್ಲಿ ಮುಂದಿನ ಸ್ಯಾಂಪಲ್. ಹೋದ ವಾರ ಅಸಿಟೋನ್ ಖಾಲಿಯಾಗಿತ್ತು, ಸ್ಯಾಂಪಲ್ಲಿಂದಾನೇ ಎರಡು ಸಲ ತೊಳ್ಕೊಂಡಿದ್ದೆ.

ಗಾಜಿನ_ಗೊಂಬೆ: ಇದನ್ನ ಮೊದ್ಲೇ ಬರೆಯೋಕೆ ಏನಾಗಿತ್ತು 😭

ಇಂಟರ್ಸೆಪ್ಟ್_ಅಕ್ಕ: ಸಿಕ್ತು. ಅಸಿಟೋನ್ ಸುಮಾರು 265ರಲ್ಲಿ ಹೀರುತ್ತೆ, ಸರಿಯಾಗಿ ನಿಮ್ಮ 273ರ ಕಾಲಡಿಗೆ. ಬಲಹೀನ ಪಟ್ಟಿನೇ, ಮೋಲಾರ್ ಅಬ್ಸಾರ್ಪ್ಟಿವಿಟಿ (ಒಂದು ಮೋಲಾರ್ ದ್ರಾವಣ ಎಷ್ಟು ಹೀರುತ್ತೆ ಅನ್ನೋದು) 15 ಚಿಲ್ಲರೆ ಅಷ್ಟೇ, ಕೆಫೀನ್‌ದು 9000 ದಾಟುತ್ತೆ. ಆದ್ರೆ ಶುದ್ಧ ಅಸಿಟೋನ್ 13.6 ಮೋಲಾರ್ ಇರುತ್ತಲ್ಲ, ಮೂಲೆಯಲ್ಲಿ 1 ಮೈಕ್ರೋಲೀಟರ್ ಉಳಿದು 3 ಎಂಎಲ್‌ಗೆ ಸೇರಿದ್ರೆ 4.5 ಮಿಲಿಮೋಲಾರ್, 0.07 ಅಲ್ಲೇ ಬಂತು. ಪೂರ್ತಿ ಒಂದು ಹನಿ ಉಳಿದ್ರೆ 3 ದಾಟುತ್ತೆ. ಬೇಸ್‌ಲೈನ್ ನೀವು ಬೆಳಿಗ್ಗೆ ತಗೊಳ್ಳೋದು, ರಾತ್ರಿಯೆಲ್ಲ ಒಣಗಿರೋ ಕ್ಯುವೆಟ್‌ನಲ್ಲಿ, ಅದಕ್ಕೇ ಬ್ಲಾಂಕ್ ಶುದ್ಧ, ಸ್ಯಾಂಪಲ್ ಮಾತ್ರ ಕೊಳೆ. ಪರ್ಮಾಂಗನೇಟ್ ಸರಿ ಬಂದಿದ್ದೂ ಇದಕ್ಕೇ, 525ರಲ್ಲಿ ಅಸಿಟೋನ್ ಕಾಣೋದೇ ಇಲ್ಲ.

ಡ್ಯುಟೀರಿಯಂ_ಮಾವ: ಅಸಿಟೋನ್ ಎಲ್ರೂ ಬಳಸ್ತಾರೆ. ನಮ್ ಲ್ಯಾಬಲ್ಲಿ ಇಪ್ಪತ್ತು ವರ್ಷದಿಂದ ಅದೇ.

ಗಾಜಿನ_ಗೊಂಬೆ: ಮಾವ, ನೀವು ಒಣಗಿಸಿ ಬಳಸ್ತೀರಾ, ಇವ್ರು ಚೆಲ್ಲಿ ಬಳಸ್ತಾರೆ.

ಮಸುಕು_ಕ್ಯುವೆಟ್: ಅಸಿಟೋನ್ ಬಿಟ್ಟೆ, ಸ್ಯಾಂಪಲ್ಲಿಂದಾನೇ ಮೂರು ಸಲ ತೊಳೆದೆ. 0.10, 0.20, 0.31, 0.40, 0.51. ಅಕ್ಕ ನಿಮ್ ಕಾಲಿಗೆ ಬೀಳ್ತೀನಿ. ಮೂರು ದಿನ 🤦

ಡಬಲ್_ಬೀಮ್: ಅಂದ ಹಾಗೆ ಡಯೋಡ್ ಅರೇ ಆಗಿದ್ರೆ ಪೂರ್ತಿ ಸ್ಪೆಕ್ಟ್ರಮ್ ಮೊದಲ ರೀಡಿಂಗಲ್ಲೇ ಕಂಡಿರೋದು.

ಡ್ಯುಟೀರಿಯಂ_ಮಾವ: 410 ಗಂಟೆ ಅಂದ್ಯಲ್ಲ, ಲ್ಯಾಂಪ್ ಬದಲಾಯಿಸಿದಾಗ ಕೌಂಟರ್ ಸೊನ್ನೆ ಮಾಡಿದ್ರಾ ಅಂತ ಒಂದ್ಸಲ ಕೇಳ್ಕೋ.