ಪ್ರಯೋಗಾಲಯದ ದಾಖಲೆಪುಸ್ತಕವನ್ನು ಅಂತರ್ಜಾಲದಲ್ಲಿ ತೆರೆದಿಡಬಹುದೇ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ):
ನಮಸ್ಕಾರ ಸರ್. ಜಗಳೂರು ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಅಳೆಯುವುದು ಮತ್ತು ಅದನ್ನು ಹೀರಿಕೊಳ್ಳುವ ಹೊಸ ಪುಡಿಯೊಂದನ್ನು ತಯಾರಿಸುವುದು ನನ್ನ ಪಿಎಚ್.ಡಿ. ವಿಷಯ. ಕೈಕೊಟ್ಟ ಪ್ರಯೋಗಗಳೂ ಸೇರಿದಂತೆ ಎಲ್ಲ ದಾಖಲೆಗಳನ್ನು ಆಯಾ ದಿನವೇ ಅಂತರ್ಜಾಲಕ್ಕೆ ಹಾಕಬೇಕೆಂಬುದು ನನ್ನ ಆಸೆ. ಬೇರೆಯವರು ಕದ್ದಾರು ಎಂದು ಮಾರ್ಗದರ್ಶಕರು ಹಿಂಜರಿಯುತ್ತಿದ್ದಾರೆ.

ಉತ್ತರ (ವಿಶ್ಲೇಷಣಾ ರಸಾಯನಶಾಸ್ತ್ರಜ್ಞ, ಚಿತ್ರದುರ್ಗ):
ನಿಮ್ಮ ಆಸೆ ಒಳ್ಳೆಯದೇ ಅಮ್ಮಾ. ಅಮೆರಿಕದ ರಸಾಯನಶಾಸ್ತ್ರಜ್ಞ ಜೀನ್-ಕ್ಲೋಡ್ ಬ್ರಾಡ್ಲಿ 2006ರಲ್ಲಿ ಇದಕ್ಕೆ ‘ಓಪನ್ ನೋಟ್‌ಬುಕ್ ಸೈನ್ಸ್’ ಎಂದು ಹೆಸರಿಟ್ಟು, ಮಲೇರಿಯಾ ಔಷಧಕ್ಕಾಗಿ ತಮ್ಮ ತಂಡ ನಡೆಸಿದ ಪ್ರಯೋಗಗಳನ್ನು ಹಾಗೆಯೇ ತೆರೆದಿಟ್ಟಿದ್ದರು. ಆದರೆ ನಿಮ್ಮ ಕೆಲಸದ ಎರಡು ಭಾಗಗಳಿಗೆ ಒಂದೇ ಉತ್ತರ ಸಲ್ಲದು.

ನೀರಿನ ಅಳತೆಗಳನ್ನು ಧಾರಾಳವಾಗಿ ಹಂಚಿಕೊಳ್ಳಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದೆಂದೂ ಭಾರತೀಯ ಮಾನದಂಡ ಹೇಳುವುದರಿಂದ, 1.4 ಮತ್ತು 1.6ರ ನಡುವಿನ ಅಂತರ ಒಂದು ಊರಿನ ಪಾಲಿಗೆ ಸಣ್ಣದಲ್ಲ. ಆದ್ದರಿಂದ ಕೊನೆಯ ಅಂಕಿಯಷ್ಟೇ ಸಾಲದು. ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ತೋರಿಸಿದ ಮಿಲಿವೋಲ್ಟ್, ಆ ದಿನದ ಕ್ಯಾಲಿಬ್ರೇಷನ್ (ಪ್ರಮಾಣ ಗೊತ್ತಿರುವ ದ್ರಾವಣಗಳಿಂದ ಉಪಕರಣವನ್ನು ಸರಿಹೊಂದಿಸಿದ್ದು), ಉಷ್ಣತೆ, ಬಫರ್ (ನೀರಿನ ಆಮ್ಲೀಯತೆಯನ್ನು ಸ್ಥಿರವಾಗಿಡುವ ದ್ರಾವಣ) ಸೇರಿಸಿದ ಪ್ರಮಾಣ ಎಲ್ಲವೂ ಇರಲಿ. ನೀರಿನಲ್ಲಿ ಅಲ್ಯೂಮಿನಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದಿಟ್ಟುಕೊಂಡು ಅಳತೆಯನ್ನು ಕಡಿಮೆ ತೋರಿಸುತ್ತದೆ. ಆ ಹಿಡಿತವನ್ನು ಬಿಡಿಸುವ ಸರಿಯಾದ ಬಫರ್ ಬಳಸಿದ್ದೀರೋ ಇಲ್ಲವೋ ಎಂಬುದು ಓದುವವರಿಗೆ ತಿಳಿಯುವುದು ಇಂಥ ವಿವರಗಳಿಂದಲೇ. ಬಾವಿಯ ಮಾಲೀಕರ ಹೆಸರು, ಸರ್ವೆ ನಂಬರುಗಳನ್ನು ಮಾತ್ರ ಅವರ ಒಪ್ಪಿಗೆಯಿಲ್ಲದೆ ಹಾಕಬೇಡಿ.

ಪುಡಿಯ ವಿಷಯದಲ್ಲಿ ನಿಮ್ಮ ಮಾರ್ಗದರ್ಶಕರ ಹಿಂಜರಿಕೆಗೆ ಕಾರಣವಿದೆ. ಪೇಟೆಂಟ್ ಅರ್ಜಿಗೆ ಮೊದಲೇ ತಯಾರಿಕೆಯ ವಿಧಾನ ಪ್ರಕಟವಾದರೆ, ನಮ್ಮ ಕಾನೂನಿನಲ್ಲಿ ಅದರ ಹೊಸತನವೇ ಹೋಗಿಬಿಡುತ್ತದೆ, ಪ್ರಕಟಿಸಿದವರು ನೀವೇ ಆಗಿದ್ದರೂ. ಪೇಟೆಂಟ್ ಬೇಕೋ ಬೇಡವೋ ಎಂಬುದನ್ನು ವಿಶ್ವವಿದ್ಯಾಲಯದೊಂದಿಗೆ ಮೊದಲು ತೀರ್ಮಾನಿಸಿ. ಬೇಕೆಂದಾದರೆ ತಾತ್ಕಾಲಿಕ ಅರ್ಜಿ ಸಲ್ಲಿಸಿ, ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಡಬಹುದು.

ವಿದ್ಯಾರ್ಥಿನಿ:
ಹಾಕಿದ ಮೇಲೆ ತಪ್ಪು ಕಂಡರೆ ಅಳಿಸಬಹುದೇ ಸರ್?

ಉತ್ತರ:
ಅಳಿಸಬೇಡಿ. ಕಾಗದದ ಪುಸ್ತಕದಲ್ಲಿ ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ದಿನಾಂಕ ಬರೆದು ಸಹಿ ಹಾಕುತ್ತೇವಲ್ಲ, ಇಲ್ಲಿಯೂ ಅದೇ ಕ್ರಮ. ಸಂಶೋಧನೆಯ ಕಡತಗಳನ್ನು ಇಡುವ ಝೆನೋಡೋದಂಥ ಅಂತರ್ಜಾಲ ಭಂಡಾರದಲ್ಲಿ ತಿದ್ದಿದ ಕಡತವನ್ನು ಹೊಸ ಆವೃತ್ತಿಯಾಗಿ ಸೇರಿಸಿದರೆ ಹಳೆಯದೂ ಉಳಿಯುತ್ತದೆ, ಪ್ರತಿಯೊಂದಕ್ಕೂ ತನ್ನದೇ ಡಿಒಐ (ಕಡತವನ್ನು ಗುರುತಿಸುವ ಶಾಶ್ವತ) ಸಂಖ್ಯೆ ದೊರೆಯುತ್ತದೆ. ಅಳತೆಗಳನ್ನು ಯಾರು ಯಾವಾಗ ಮೊದಲು ಪ್ರಕಟಿಸಿದರೆಂಬುದಕ್ಕೆ ಭಂಡಾರದಲ್ಲಿ ದಾಖಲಾಗುವ ದಿನಾಂಕವೇ ಸಾಕ್ಷಿ. ಕಳವಿನ ಭಯವಿರುವ ನಿಮ್ಮ ಮಾರ್ಗದರ್ಶಕರಿಗೆ ಇದನ್ನು ತೋರಿಸಿ, ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದೇ ಆರಂಭಿಸಿ.